ಒಂದು ಬಟನ್, ನಾಲ್ಕು ಗುರುತು: ಡಬ್ಲ್ಯುಪಿಎಫ್ ಕಲಿಯುವವರಿಗೆ ಟಿಪ್ಪಣಿ

ಡಬ್ಲ್ಯುಪಿಎಫ್ ಅಂದರೆ ವಿಂಡೋಸ್ ಆಪ್‌ಗಳ ಪರದೆ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಫ್ರೇಮ್‌ವರ್ಕ್. ಅದರಲ್ಲಿ ಒಂದು ಬಟನ್ ಇಡುತ್ತೀರಿ. ಅದಕ್ಕೆ ಎಕ್ಸ್:ನೇಮ್ ಕೊಡಬಹುದು, ಎಕ್ಸ್:ಯುಐಡಿ ಕೊಡಬಹುದು, ಆಟೋಮೇಶನ್‌ಐಡಿ ಕೊಡಬಹುದು, ಟ್ಯಾಗ್ ಕೂಡ ಕೊಡಬಹುದು. ಎಲ್ಲ ಗುರುತೇ ಅಲ್ವಾ, ಯಾವುದೋ ಒಂದು ಹಾಕಿದರೆ ಆಯ್ತು ಅನಿಸುತ್ತದೆ. ಆದರೆ ಆ ಬಟನ್ನನ್ನು ಹುಡುಕಿಕೊಂಡು ಬರುವವರು ಬೇರೆ ಬೇರೆ. ನಿಮ್ಮ ಸಿ ಶಾರ್ಪ್ ಕೋಡ್ ಬರುತ್ತದೆ, ಟೆಸ್ಟ್ ಸ್ಕ್ರಿಪ್ಟ್ ಬರುತ್ತದೆ, ಅನುವಾದದ ಟೂಲ್ ಬರುತ್ತದೆ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಬರುತ್ತದೆ. ಮನೆಯಲ್ಲಿ ಪುಟ್ಟಿ, ಶಾಲೆಯ ಹಾಜರಿಯಲ್ಲಿ ಇನ್ನೊಂದು ಹೆಸರು ಇರುವ ಹಾಗೆ, ಒಬ್ಬೊಬ್ಬರು ಕರೆಯುವ ಹೆಸರು ಒಂದೊಂದು. ಯಾರು ಕೇಳುತ್ತಿದ್ದಾರೆ ಅಂತ ಮೊದಲು ನೋಡಿಕೊಂಡರೆ ಯಾವ ಗುರುತು ಹಾಕಬೇಕು ಅನ್ನುವುದರಲ್ಲಿ ಗೊಂದಲವೇ ಉಳಿಯುವುದಿಲ್ಲ.

ಉದಾಹರಣೆಗೆ ಒಂದು ಸಣ್ಣ ಗ್ರಂಥಾಲಯದ ಆಪ್ ಇಟ್ಟುಕೊಳ್ಳೋಣ. ಒಂದು ವಿಂಡೋ, ಅದರಲ್ಲಿ ಸದಸ್ಯರ ಪಟ್ಟಿ, ಕೆಳಗೆ ‘ಉಳಿಸು’ ಅನ್ನುವ ಬಟನ್. ಇಷ್ಟು ಸಾಕು.

ಮೊದಲು ಬರೀ ನಂಬರ್ ಇತ್ತು

ವಿಂಡೋಸ್‌ನ ಹಳೆಯ ವಿನ್32 ಪ್ರೋಗ್ರಾಮಿಂಗ್‌ನಲ್ಲಿ ಡೈಲಾಗ್‌ನ ಪ್ರತಿ ಕಂಟ್ರೋಲ್‌ಗೂ (ಬಟನ್, ಲೇಬಲ್ ಥರದ್ದಕ್ಕೆಲ್ಲ) ಒಂದು ನಂಬರ್. ರಿಸೋರ್ಸ್.ಎಚ್ ಫೈಲಿನಲ್ಲಿ ಆ ನಂಬರಿಗೆ ಒಂದು ಹೆಸರು ಡಿಫೈನ್ ಮಾಡಿಕೊಳ್ಳುತ್ತಿದ್ದರು. ಬಟನ್ ಒತ್ತಿದರೆ ಡಬ್ಲ್ಯುಎಂ_ಕಮಾಂಡ್ ಅನ್ನುವ ಮೆಸೇಜ್ ಬರುತ್ತದೆ, ಅದರ ಜೊತೆ ಬರುವ ಡಬ್ಲ್ಯುಪ್ಯಾರಮ್ ಅನ್ನುವ ಸಂಖ್ಯೆಯ ಕೆಳಗಿನ 16 ಬಿಟ್‌ಗಳಲ್ಲಿ ಒತ್ತಿದ ಕಂಟ್ರೋಲ್‌ನ ನಂಬರ್ ಇರುತ್ತದೆ. ಕೆಲವು ನಂಬರುಗಳನ್ನು ವಿಂಡೋಸ್ ತಾನೇ ಇಟ್ಟುಕೊಂಡಿದೆ: ಐಡಿಒಕೆ ಅಂದರೆ 1, ಐಡಿಕ್ಯಾನ್ಸಲ್ ಅಂದರೆ 2. ಎಸ್ಕೇಪ್ ಕೀ ಒತ್ತಿದರೆ ಡೈಲಾಗ್‌ಗೆ 2 ಬಂದು ತಲುಪುತ್ತದೆ, ಅಲ್ಲಿ ಕ್ಯಾನ್ಸಲ್ ಬಟನ್ ಇಲ್ಲದಿದ್ದರೂ ಅಷ್ಟೇ. ಸುಮ್ನೆ ಅಕ್ಷರ ತೋರಿಸುವ ಲೇಬಲ್‌ಗಳಿಗೆಲ್ಲ −1. ಅವುಗಳನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಹಾಗಾಗಿ ಹತ್ತು ಲೇಬಲ್‌ಗೂ ಒಂದೇ ನಂಬರ್ ನಡೆಯುತ್ತದೆ.

ಕೋಡಿಗೂ ಅದೇ ನಂಬರ್, ಟೆಸ್ಟಿಗೂ ಅದೇ ನಂಬರ್. ಈಗಲೂ ಹಳೆಯ ವಿನ್32 ಡೈಲಾಗ್ ಒಂದನ್ನು ಯುಐ ಆಟೋಮೇಶನ್ (ಹೊರಗಿನ ಪ್ರೋಗ್ರಾಂಗಳು ಆಪ್‌ನೊಳಗೆ ನೋಡುವ ವಿಂಡೋಸ್‌ನ ದಾರಿ) ಮೂಲಕ ನೋಡಿದರೆ ಆಟೋಮೇಶನ್‌ಐಡಿ ಜಾಗದಲ್ಲಿ 1001 ಅಂತ ಏನೋ ಒಂದು ಕಾಣುತ್ತದೆ. ಅದು ಈ ನಂಬರೇ.

ಎಕ್ಸ್:ನೇಮ್: ಕೋಡ್ ಕರೆಯುವ ಹೆಸರು

2006ರಲ್ಲಿ ಡಾಟ್‌ನೆಟ್ 3.0 ಜೊತೆಗೆ ಡಬ್ಲ್ಯುಪಿಎಫ್ ಬಂತು, ನಂಬರ್ ಹೋಗಿ ಹೆಸರು ಬಂತು. ಪರದೆಯ ವಿನ್ಯಾಸ ಬರೆಯುವ ಭಾಷೆಯಾದ ಝ್ಯಾಮಲ್‌ನಲ್ಲಿ ಬಟನ್ನಿಗೆ ಎಕ್ಸ್:ನೇಮ್ ಅಂತ ‘ಸೇವ್‌ಬಟನ್’ ಕೊಟ್ಟರೆ ಕಂಪೈಲರ್ ಅದೇ ಹೆಸರಿನ ಒಂದು ಫೀಲ್ಡ್ ಮಾಡಿ ಕ್ಲಾಸಿನೊಳಗೆ ಇಡುತ್ತದೆ. ಇನಿಶಿಯಲೈಸ್‌ಕಾಂಪೊನೆಂಟ್ ಓಡಿದ ಮೇಲೆ ಆ ಫೀಲ್ಡ್ ತುಂಬಿರುತ್ತದೆ. ಅದಕ್ಕೇ ಕನ್‌ಸ್ಟ್ರಕ್ಟರ್‌ನಲ್ಲಿ ಆ ಸಾಲಿಗಿಂತ ಮುಂಚೆ ಬಟನ್ ಮುಟ್ಟಿದರೆ ನಲ್ ರೆಫರೆನ್ಸ್ ಎರರ್.

ಹೆಸರು ಅಕ್ಷರದಿಂದ ಅಥವಾ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು. ಸ್ಪೇಸ್ ಇಲ್ಲ, ಹೈಫನ್ ಇಲ್ಲ. ಕನ್ನಡ ಅಕ್ಷರ ನಡೆಯುತ್ತದೆಯಾ? ನಡೆಯುತ್ತದೆ. ಝ್ಯಾಮಲ್ ನಿಯಮದಲ್ಲಿ ಯೂನಿಕೋಡ್ ಅಕ್ಷರಗಳಿಗೂ ಅವುಗಳಿಗೆ ಸೇರುವ ಚಿಹ್ನೆಗಳಿಗೂ ಅನುಮತಿ ಇದೆ, ಹಾಗಾಗಿ ‘ಉಳಿಸು’ ಅಂತಲೇ ಹೆಸರಿಡಬಹುದು. ಆದರೆ ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರ ಆಗದಂತೆ ನಾವು ಹಾಕುತ್ತೇವಲ್ಲ, ಆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್, ಅದಕ್ಕೆ ಅಲ್ಲಿ ಜಾಗವಿಲ್ಲ. ಕಾಣದ ಅಕ್ಷರಕ್ಕೆ ಎರರ್ ಬಂದರೆ ಹುಡುಕುವುದು ಕಷ್ಟ. ನನ್ನ ಮಟ್ಟಿಗೆ ಕೋಡಿನ ಹೆಸರು ಇಂಗ್ಲಿಷ್‌ನಲ್ಲೇ ಇರಲಿ, ಪರದೆ ಮೇಲಿನ ಅಕ್ಷರ ಕನ್ನಡದಲ್ಲಿರಲಿ.

ಇನ್ನೊಂದು ವಿಷಯ ನೇಮ್‌ಸ್ಕೋಪ್, ಅಂದರೆ ಒಂದು ಹೆಸರು ನಡೆಯುವ ವ್ಯಾಪ್ತಿ. ಒಂದು ವಿಂಡೋದಲ್ಲಿ ಒಂದೇ ಹೆಸರನ್ನು ಎರಡು ಸಲ ಕೊಟ್ಟರೆ ಎರರ್. ಆದರೆ ಸದಸ್ಯರ ಪಟ್ಟಿಯ ಡೇಟಾಟೆಂಪ್ಲೇಟ್ (ಪ್ರತಿ ಸಾಲು ಹೇಗೆ ಕಾಣಬೇಕು ಅನ್ನುವ ಅಚ್ಚು) ಒಳಗೆ ‘ಡಿಲೀಟ್‌ಬಟನ್’ ಅಂತ ಹೆಸರಿಟ್ಟರೆ, 200 ಸಾಲಿನಲ್ಲೂ ಅದೇ ಹೆಸರು ಬರುತ್ತದೆ, ಗಲಾಟೆಯಾಗುವುದಿಲ್ಲ. ಯಾಕೆಂದರೆ ಟೆಂಪ್ಲೇಟ್‌ನಿಂದ ಹುಟ್ಟುವ ಪ್ರತಿ ಸಾಲಿಗೂ ತನ್ನದೇ ನೇಮ್‌ಸ್ಕೋಪ್ ಇದೆ. ಅದೇ ಕಾರಣಕ್ಕೆ ಆ ಹೆಸರಿಗೆ ಫೀಲ್ಡ್ ಕೂಡ ಹುಟ್ಟುವುದಿಲ್ಲ. ‘ಹೆಸರಿಟ್ಟಿದ್ದೇನೆ, ಕೋಡಿನಲ್ಲಿ ಕಾಣ್ತಿಲ್ಲ’ ಅಂತ ಕೇಳುವವರಲ್ಲಿ ಹೆಚ್ಚಿನವರು ಟೆಂಪ್ಲೇಟ್ ಒಳಗೆ ಹೆಸರಿಟ್ಟಿರುತ್ತಾರೆ.

ಎಂವಿವಿಎಂ ರೀತಿಯಲ್ಲಿ (ಪರದೆಯನ್ನೂ ಅದರ ಹಿಂದಿನ ಕೋಡನ್ನೂ ಬೇರೆ ಇಡುವ ವಿಧಾನ) ಬರೆದರೆ ಬೈಂಡಿಂಗ್ ಮತ್ತು ಕಮಾಂಡ್‌ಗಳೇ ಹೆಚ್ಚು ಕೆಲಸ ಮಾಡುತ್ತವೆ, ಎಕ್ಸ್:ನೇಮ್ ಬೇಕಾಗುವುದು ಅಪರೂಪ. ಕೋಡ್ ಕರೆಯದೇ ಇದ್ದರೆ ಹೆಸರಿಡಬೇಡಿ. ಎಲ್ಲದಕ್ಕೂ ಹೆಸರಿಡುವುದು ವಿಂಡೋಸ್ ಫಾರ್ಮ್ಸ್ ಕಾಲದಿಂದ ಬಂದ ಅಭ್ಯಾಸ.

ಆಟೋಮೇಶನ್‌ಐಡಿ: ಟೆಸ್ಟ್ ಕರೆಯುವ ಹೆಸರು

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿಂಡೋಸ್‌ನಲ್ಲಿ ಹೊರಗಿನ ಪ್ರೋಗ್ರಾಂ ಒಂದು ನಿಮ್ಮ ಆಪ್‌ನೊಳಗಿನ ಬಟನ್ ನೋಡಬೇಕಾದರೆ ಯುಐ ಆಟೋಮೇಶನ್ ಮೂಲಕ ಬರುತ್ತದೆ. ಟೆಸ್ಟ್ ಮಾಡುವ ಫ್ಲಾಯುಐ, ವಿನ್‌ಆಪ್‌ಡ್ರೈವರ್‌ಗೂ ಇದೇ ದಾರಿ, ಓದಿ ಹೇಳುವ ನರೇಟರ್, ಎನ್‌ವಿಡಿಎಗೂ ಇದೇ ದಾರಿ. ಆದರೆ ಇಬ್ಬರು ಕೇಳುವುದು ಬೇರೆ. ಟೆಸ್ಟ್‌ಗೆ ಬೇಕಾದದ್ದು ಆಟೋಮೇಶನ್‌ಐಡಿ, ಸ್ಕ್ರೀನ್ ರೀಡರ್‌ಗೆ ಬೇಕಾದದ್ದು ನೇಮ್. ಈ ನೇಮ್ ಮೇಲೆ ಹೇಳಿದ ಎಕ್ಸ್:ನೇಮ್ ಅಲ್ಲ, ಆಟೋಮೇಶನ್‌ಪ್ರಾಪರ್ಟೀಸ್.ನೇಮ್.

ಕಣ್ಣಾರೆ ನೋಡಬೇಕಾದರೆ ವಿಂಡೋಸ್‌ನ ಕ್ಯಾಲ್ಕ್ಯುಲೇಟರ್ ತೆರೆಯಿರಿ. ಪಕ್ಕದಲ್ಲಿ ಇನ್‌ಸ್ಪೆಕ್ಟ್ ತೆರೆಯಿರಿ (ವಿಂಡೋಸ್ ಎಸ್‌ಡಿಕೆ ಜೊತೆ ಬರುತ್ತದೆ), ಇಲ್ಲವಾದರೆ ಆಕ್ಸೆಸಿಬಿಲಿಟಿ ಇನ್‌ಸೈಟ್ಸ್ ಹಾಕಿಕೊಳ್ಳಿ. 5ರ ಬಟನ್ ಮೇಲೆ ಮೌಸ್ ಇಡಿ. ಇಂಗ್ಲಿಷ್ ವಿಂಡೋಸ್ ಆದರೆ ನೇಮ್ ‘ಫೈವ್’, ಆಟೋಮೇಶನ್‌ಐಡಿ ‘ನಮ್5ಬಟನ್’. ಈಗ ಉತ್ತರ ಬರುವ ಜಾಗದ ಮೇಲೆ ಮೌಸ್ ಇಡಿ. ಅದರ ಆಟೋಮೇಶನ್‌ಐಡಿ ‘ಕ್ಯಾಲ್ಕ್ಯುಲೇಟರ್‌ರಿಸಲ್ಟ್ಸ್’, ಅದು ಬದಲಾಗುವುದೇ ಇಲ್ಲ. ನೇಮ್ ಮಾತ್ರ ‘ಡಿಸ್‌ಪ್ಲೇ ಈಸ್ 8’ ಅಂತ, ಉತ್ತರ ಬದಲಾದ ಹಾಗೆ ಬದಲಾಗುತ್ತದೆ. ಬೇರೆ ಭಾಷೆಯ ವಿಂಡೋಸ್‌ನಲ್ಲಿ ‘ಫೈವ್’ ಇರುವುದಿಲ್ಲ, ‘ನಮ್5ಬಟನ್’ ಇದ್ದೇ ಇರುತ್ತದೆ. ನೇಮ್ ನಂಬಿಕೊಂಡು ಟೆಸ್ಟ್ ಬರೆದರೆ ಭಾಷೆ ಬದಲಿಸಿದ ದಿನ ಟೆಸ್ಟ್ ಬೀಳುತ್ತದೆ.

ಆಟೋಮೇಶನ್‌ಐಡಿ ಕೊಡದೇ ಬಿಟ್ಟರೆ ಡಬ್ಲ್ಯುಪಿಎಫ್ ಸುಮ್ಮನಿರುವುದಿಲ್ಲ. ಮೊದಲು ನೀವು ಕೊಟ್ಟ ಆಟೋಮೇಶನ್‌ಐಡಿ ನೋಡುತ್ತದೆ. ಇಲ್ಲದಿದ್ದರೆ ಎಕ್ಸ್:ಯುಐಡಿ ನೋಡುತ್ತದೆ. ಅದೂ ಇಲ್ಲದಿದ್ದರೆ ಎಕ್ಸ್:ನೇಮ್ ತೆಗೆದುಕೊಳ್ಳುತ್ತದೆ. ಅನುಕೂಲವೇ, ಆದರೆ ಇದರಲ್ಲೊಂದು ಸಿಕ್ಕು ಇದೆ. ಯಾರೋ ಕೋಡ್ ಚೊಕ್ಕ ಮಾಡುವಾಗ ಎಕ್ಸ್:ನೇಮ್ ಬದಲಿಸುತ್ತಾರೆ. ಕಂಪೈಲರ್‌ಗೆ ಎಲ್ಲ ಸರಿ, ಬಿಲ್ಡ್ ಹಸಿರು. ರಾತ್ರಿ ಓಡುವ ಟೆಸ್ಟ್ ಮಾತ್ರ ಬಟನ್ ಸಿಗಲಿಲ್ಲ ಅಂತ ಬೀಳುತ್ತದೆ. ಟೆಸ್ಟ್ ಹುಡುಕುವ ಕಂಟ್ರೋಲ್‌ಗೆ ಆಟೋಮೇಶನ್‌ಐಡಿ ಬಾಯಿಬಿಟ್ಟು ಬರೆದುಬಿಡಿ, ಒಂದು ಸಾಲು ಜಾಸ್ತಿ ಆದರೂ ಪರವಾಗಿಲ್ಲ.

ಇನ್ನು ಗ್ರಿಡ್, ಸ್ಟ್ಯಾಕ್‌ಪ್ಯಾನೆಲ್, ಬಾರ್ಡರ್‌ಗೆ ಆಟೋಮೇಶನ್‌ಐಡಿ ಹಾಕಿ ‘ಇನ್‌ಸ್ಪೆಕ್ಟ್‌ನಲ್ಲಿ ಕಾಣ್ತಿಲ್ಲ’ ಅಂತ ತಲೆ ಕೆಡಿಸಿಕೊಳ್ಳಬೇಡಿ. ಇವುಗಳಿಗೆ ಆಟೋಮೇಶನ್ ಪಿಯರ್ ಅನ್ನುವ ಪ್ರತಿನಿಧಿ ಇಲ್ಲ. ಪ್ರತಿನಿಧಿ ಇಲ್ಲದವರು ಹೊರಗಿನ ಲೋಕಕ್ಕೆ ಇಲ್ಲವೇ ಇಲ್ಲ. ಹೊರಗೆ ಕಾಣಲೇಬೇಕಿದ್ದರೆ ಗ್ರೂಪ್‌ಬಾಕ್ಸ್ ಅಥವಾ ಯೂಸರ್‌ಕಂಟ್ರೋಲ್ ಒಳಗೆ ಹಾಕಿ.

ಆಟೋಮೇಶನ್‌ಐಡಿ ಇಡೀ ಆಪ್‌ಗೆ ಒಂದೇ ಇರಬೇಕೆಂದೇನಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಎರಡು ಒಂದೇ ಥರ ಇರಬಾರದು, ಅಷ್ಟೇ. ಇನ್‌ಸ್ಪೆಕ್ಟ್‌ನಲ್ಲಿ ರನ್‌ಟೈಮ್‌ಐಡಿ ಅಂತ ಇನ್ನೊಂದು ಕಾಣುತ್ತದೆ. ಅದು ಆಪ್ ಮುಚ್ಚಿ ತೆರೆದರೆ ಬೇರೆಯಾಗುತ್ತದೆ, ಟೆಸ್ಟ್‌ನಲ್ಲಿ ಬರೆದಿಟ್ಟುಕೊಂಡು ಪ್ರಯೋಜನವಿಲ್ಲ.

ಪಟ್ಟಿಯ ಸಾಲುಗಳು

ನಮ್ಮ ಸದಸ್ಯರ ಪಟ್ಟಿ ಲಿಸ್ಟ್‌ಬಾಕ್ಸ್‌ನಲ್ಲಿದೆ, ಡೇಟಾಟೆಂಪ್ಲೇಟ್ ಚೆನ್ನಾಗಿದೆ, ಪರದೆ ಮೇಲೆ ಸದಸ್ಯರ ಹೆಸರು, ಪಡೆದ ಪುಸ್ತಕ ಎಲ್ಲ ಕಾಣುತ್ತದೆ. ನರೇಟರ್ ಹಾಕಿ ಕೇಳಿ. ಪ್ರತಿ ಸಾಲಿಗೂ ‘ಲೈಬ್ರರಿಆಪ್ ಡಾಟ್ ಮೆಂಬರ್’, ‘ಲೈಬ್ರರಿಆಪ್ ಡಾಟ್ ಮೆಂಬರ್’ ಅಂತ ಒಂದೇ ಪಾಠ ಒಪ್ಪಿಸುತ್ತದೆ. ನೇಮ್ ಕೊಡದಿದ್ದರೆ ಡಬ್ಲ್ಯುಪಿಎಫ್ ಆ ಡೇಟಾದ ಟುಸ್ಟ್ರಿಂಗ್ ಕರೆಯುತ್ತದೆ, ಟುಸ್ಟ್ರಿಂಗ್ ಬರೆಯದ ಕ್ಲಾಸ್ ತನ್ನ ಪೂರ್ತಿ ಹೆಸರು ಹೇಳುತ್ತದೆ. ಕಣ್ಣು ಕಾಣುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾಣದವರಿಗೆ ಆ ಪಟ್ಟಿ ಇದ್ದೂ ಇಲ್ಲದ ಹಾಗೆ.

ಇದನ್ನು ಸರಿಮಾಡುವುದು ಐಟಮ್‌ಕಂಟೇನರ್‌ಸ್ಟೈಲ್‌ನಲ್ಲಿ, ಅಂದರೆ ಪ್ರತಿ ಸಾಲಿನ ಹೊರಕವಚದ ಸ್ಟೈಲ್‌ನಲ್ಲಿ. ಅಲ್ಲಿ ಎರಡು ಸೆಟ್ಟರ್ ಹಾಕಿ. ಆಟೋಮೇಶನ್‌ಪ್ರಾಪರ್ಟೀಸ್.ನೇಮ್ ಅನ್ನು ಸದಸ್ಯರ ಹೆಸರಿಗೆ ಬೈಂಡ್ ಮಾಡಿ, ಆಟೋಮೇಶನ್‌ಐಡಿಯನ್ನು ಸದಸ್ಯತ್ವ ಸಂಖ್ಯೆಗೆ ಬೈಂಡ್ ಮಾಡಿ. ಸಾಲು ಎಷ್ಟನೆಯದು ಅನ್ನುವ ನಂಬರನ್ನು ಐಡಿ ಮಾಡಬೇಡಿ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದ ತಕ್ಷಣ ಮೂರನೆಯವರು ಹತ್ತನೆಯವರಾಗುತ್ತಾರೆ.

ಎಕ್ಸ್:ಯುಐಡಿ: ಅನುವಾದಕ್ಕೆ

ಅನುವಾದದ ಟೂಲ್ ಕಂಟ್ರೋಲನ್ನು ಗುರುತಿಸುವುದು ಎಕ್ಸ್:ಯುಐಡಿಯಿಂದ. ಡಬ್ಲ್ಯುಪಿಎಫ್‌ನಲ್ಲಿ ಇದನ್ನು ಕೈಯಲ್ಲಿ ಬರೆಯುವವರು ಕಡಿಮೆ. ಬಿಲ್ಡ್ ಮಾಡುವ ಟೂಲ್ ಎಂಎಸ್‌ಬಿಲ್ಡ್‌ಗೆ ಅಪ್‌ಡೇಟ್‌ಯುಐಡಿ ಅನ್ನುವ ಟಾರ್ಗೆಟ್ ಕೊಟ್ಟರೆ ಅದೇ ಎಲ್ಲದಕ್ಕೂ ಹಾಕುತ್ತಾ ಹೋಗುತ್ತದೆ: ಗ್ರಿಡ್_1, ಟೆಕ್ಸ್ಟ್‌ಬ್ಲಾಕ್_1, ಬಟನ್_1. ಚೆಕ್‌ಯುಐಡಿ ಟಾರ್ಗೆಟ್ ಬಿಟ್ಟುಹೋದದ್ದು, ಎರಡು ಸಲ ಬಂದದ್ದು ಹಿಡಿದುಕೊಡುತ್ತದೆ. ಮೇಲೆ ಹೇಳಿದ ಕ್ರಮ ನೆನಪಿದೆಯಲ್ಲ? ಹೆಸರೂ ಐಡಿಯೂ ಇಲ್ಲದ ಬಟನ್ನಿಗೆ ಇದನ್ನು ಓಡಿಸಿದರೆ, ಅದರ ಆಟೋಮೇಶನ್‌ಐಡಿ ಇದ್ದಕ್ಕಿದ್ದ ಹಾಗೆ ‘ಬಟನ್_1’ ಆಗಿ ಕೂರುತ್ತದೆ.

ಡಬ್ಲ್ಯುಪಿಎಫ್ ನಂತರ ಮೈಕ್ರೋಸಾಫ್ಟ್ ತಂದ ಯುಡಬ್ಲ್ಯುಪಿ, ವಿನ್‌ಯುಐಗೆ ಬಂದರೆ ಎಕ್ಸ್:ಯುಐಡಿಗೆ ನಿಜವಾದ ಬೆಲೆ ಬರುತ್ತದೆ. ಬಟನ್ನಿಗೆ ಎಕ್ಸ್:ಯುಐಡಿ ‘ಸೇವ್‌ಬಟನ್’ ಕೊಡಿ. ಸ್ಟ್ರಿಂಗ್ಸ್ ಫೋಲ್ಡರಿನಲ್ಲಿ ಕೆಎನ್-ಐಎನ್ ಅನ್ನುವ ಫೋಲ್ಡರ್ ಮಾಡಿ, ಅದರೊಳಗಿನ ರಿಸೋರ್ಸಸ್ ಡಾಟ್ ಆರ್‌ಇಎಸ್‌ಡಬ್ಲ್ಯು ಫೈಲಿನಲ್ಲಿ ‘ಸೇವ್‌ಬಟನ್.ಕಂಟೆಂಟ್’ ಎದುರು ‘ಉಳಿಸು’ ಅಂತ ಬರೆಯಿರಿ. ಬಳಕೆದಾರರ ಭಾಷೆ ಕನ್ನಡವಾಗಿದ್ದರೆ ಬಟನ್ ಮೇಲೆ ‘ಉಳಿಸು’ ಬರುತ್ತದೆ, ಕೋಡ್ ಒಂದು ಸಾಲೂ ಬೇಡ. ಅಕ್ಷರ ಮಾತ್ರವಲ್ಲ, ‘ಸೇವ್‌ಬಟನ್.ವಿಡ್ತ್’ ಅಂತ ಅಗಲವನ್ನೂ ಭಾಷೆಗೆ ತಕ್ಕಂತೆ ಕೊಡಬಹುದು. ಇಂಗ್ಲಿಷ್ ಅಳತೆಗೆ ಹೊಲಿದ ಬಟನ್ನಿನಲ್ಲಿ ಕನ್ನಡ ಪದ ಅರ್ಧಕ್ಕೆ ಕತ್ತರಿಸಿಹೋಗುವುದನ್ನು ನೋಡಿದವರಿಗೆ ಇದರ ಉಪಯೋಗ ಹೇಳಬೇಕಾಗಿಲ್ಲ. ಎಚ್ಚರ ಒಂದೇ: ಟೆಕ್ಸ್ಟ್ ಅನ್ನುವ ಪ್ರಾಪರ್ಟಿ ಬಟನ್ನಿಗಿಲ್ಲ, ಅದಕ್ಕಿರುವುದು ಕಂಟೆಂಟ್. ‘ಸೇವ್‌ಬಟನ್.ಟೆಕ್ಸ್ಟ್’ ಅಂತ ಬರೆದರೆ ಬಿಲ್ಡ್ ಆಗುತ್ತದೆ, ಓಡುವಾಗ ಆ ಪುಟ ತೆರೆದ ಕೂಡಲೇ ಎಕ್ಸೆಪ್ಷನ್.

ಟ್ಯಾಗ್, ಮತ್ತೆ ಉಳಿದವರು

ಟ್ಯಾಗ್ ಗುರುತೇ ಅಲ್ಲ, ಜೇಬು. ಏನು ಬೇಕಾದರೂ ತುರುಕಬಹುದು, ಅದರ ಟೈಪ್ ಆಬ್ಜೆಕ್ಟ್. ವಿಷುಯಲ್ ಬೇಸಿಕ್ 6ರಲ್ಲಿ ಅದು ಬರೀ ಸ್ಟ್ರಿಂಗ್, ಡೆಲ್ಫಿಯಲ್ಲಿ ಪೂರ್ಣಾಂಕ. ಹೊಸದಾಗಿ ಬರೆಯುವ ಡಬ್ಲ್ಯುಪಿಎಫ್ ಕೋಡಿನಲ್ಲಿ ಟ್ಯಾಗ್ ಕಂಡರೆ ನನಗೆ ಅನುಮಾನವೇ. ಹೆಚ್ಚಿನ ಸಲ ಅಲ್ಲಿ ಕಮಾಂಡ್‌ಗೆ ಬೇಕಾದ ಮಾಹಿತಿ ಕೊಡುವ ಕಮಾಂಡ್‌ಪ್ಯಾರಾಮೀಟರ್ ಇರಬೇಕಿತ್ತು.

ಪರದೆ ಕಟ್ಟುವ ಇನ್ನೊಂದು ಫ್ರೇಮ್‌ವರ್ಕ್ ಆದ ಕ್ಯೂಟಿ ಕಲಿಯುವವರಿಗೆ ಇಷ್ಟು: ಅಲ್ಲಿ ಆಬ್ಜೆಕ್ಟ್‌ನೇಮ್ ಒಂದೇ ಹಲವು ಕೆಲಸ ಮಾಡುತ್ತದೆ. ಫೈಂಡ್‌ಚೈಲ್ಡ್ ಅದನ್ನೇ ನೋಡುತ್ತದೆ, ಸ್ಟೈಲ್‌ಶೀಟ್‌ನಲ್ಲಿ ಹ್ಯಾಶ್ ಹಾಕಿ ಅದನ್ನೇ ಕರೆಯುತ್ತೀರಿ. ‘ಆನ್_ಸೇವ್‌ಬಟನ್_ಕ್ಲಿಕ್ಡ್’ ಅಂತ ಹೆಸರಿಟ್ಟ ಸ್ಲಾಟ್ (ಬಟನ್ ಒತ್ತಿದಂಥ ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ತಾನಾಗಿ ಜೋಡಣೆಯಾಗುವುದೂ ಅದರಿಂದಲೇ. ಡಿಸೈನರ್‌ನಲ್ಲಿ ಬಟನ್ನಿನ ಹೆಸರು ಬದಲಿಸಿದರೆ ಆ ಜೋಡಣೆ ತಪ್ಪುತ್ತದೆ, ಕಂಪೈಲರ್ ಏನೂ ಹೇಳುವುದಿಲ್ಲ, ಓಡುವಾಗ ಕನ್ಸೋಲ್‌ನಲ್ಲಿ ಒಂದು ವಾರ್ನಿಂಗ್ ಬಂದು ಹೋಗುತ್ತದೆ ಅಷ್ಟೇ. ಹಾಗಾಗಿ ಕ್ಯೂಟಿಯಲ್ಲಿ ಸಿಗ್ನಲ್‌ಗಳನ್ನು ಕನೆಕ್ಟ್ ಬರೆದು ಕೈಯಾರೆ ಜೋಡಿಸುವುದೇ ವಾಸಿ. ಟೂಲ್‌ಬಾರ್, ಡಾಕ್‌ಗಳಿಗೆ ಮಾತ್ರ ಆಬ್ಜೆಕ್ಟ್‌ನೇಮ್ ಮರೆಯಬೇಡಿ. ಅದಿಲ್ಲದಿದ್ದರೆ ವಿಂಡೋದ ಜೋಡಣೆ ಉಳಿಸಿಡುವ ಸೇವ್‌ಸ್ಟೇಟ್‌ಗೆ ಯಾವ ಟೂಲ್‌ಬಾರ್ ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ, ಬಳಕೆದಾರರು ಎಳೆದು ಪಕ್ಕಕ್ಕಿಟ್ಟ ಟೂಲ್‌ಬಾರ್ ಆಪ್ ಮತ್ತೆ ತೆರೆದಾಗ ಹಳೆಯ ಜಾಗಕ್ಕೇ ಬಂದು ಕೂತಿರುತ್ತದೆ.