ಗರ್ಭಪಾತದ ನಂತರ ಮುಟ್ಟು ತಡವಾಗುವುದೇಕೆ?

ಗರ್ಭಪಾತವಾಗಿ ಐದು ವಾರ ಕಳೆದರೂ ಮುಟ್ಟು ಬರದಿದ್ದರೆ ಎಷ್ಟೋ ಮನೆಗಳಲ್ಲಿ ಕಷಾಯಕ್ಕೆ ನೀರಿಡುತ್ತಾರೆ. ‘ಕೆಟ್ಟ ರಕ್ತ ಒಳಗೇ ಉಳಿದಿದೆ’ ಅಂತ ಎಳ್ಳು, ಬೆಲ್ಲ, ಪಪ್ಪಾಯಿ ತಿನ್ನಿಸುತ್ತಾರೆ. ಮೊದಲೇ ನೊಂದ ಹೆಣ್ಣುಮಗಳಿಗೆ ಇದು ಇನ್ನೊಂದು ಹೆದರಿಕೆ. ಗರ್ಭಕೋಶ ಕೆಟ್ಟ ರಕ್ತ ಕೂಡಿಡುವ ಚೀಲವಲ್ಲ. ನಾಲ್ಕರಿಂದ ಎಂಟು ವಾರದೊಳಗೆ ಮುಟ್ಟು ಬಂದರೆ ಸಹಜವೇ, ಆ ಕಾಯುವಿಕೆಯ ಹಿಂದಿರುವುದು ಎಚ್‌ಸಿಜಿ ಎಂಬ ಹಾರ್ಮೋನು.

1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ವೈದ್ಯರಾದ ಆಶ್‌ಹೈಮ್ ಮತ್ತು ಝೋಂಡೆಕ್ ಗರ್ಭಿಣಿಯರ ಮೂತ್ರವನ್ನು ಇನ್ನೂ ಬೆಳೆಯದ ಹೆಣ್ಣಿಲಿಗಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಇಲಿಗಳ ಪುಟ್ಟ ಅಂಡಾಶಯ ಊದಿಕೊಂಡು, ಮೇಲೆ ರಕ್ತದ ಚುಕ್ಕೆಗಳು ಮೂಡಿದವು. ಕಾರಣ ಎಚ್‌ಸಿಜಿ. ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನಿನ ಬೀಗಕ್ಕೇ ಕೂರುವ ನಕಲಿ ಕೀಲಿ ಅದು. ಭ್ರೂಣದ ಕಡೆಯಿಂದ ಬರುವ ಈ ಕೀಲಿ, ಆಗಲೇ ಅಂಡ ಬಿಟ್ಟ ಕೋಶದಿಂದ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸುತ್ತಾ ‘ಗರ್ಭ ನಿಂತಿದೆ, ಹೊಸ ಅಂಡ ಬೇಡ’ ಎಂದು ಅಂಡಾಶಯವನ್ನು ಹಿಡಿದಿಡುತ್ತದೆ. ಗರ್ಭ ಹೋದರೂ ರಕ್ತದಲ್ಲಿ ಉಳಿದ ಎಚ್‌ಸಿಜಿ ಅದನ್ನೇ ಹೇಳುತ್ತಿರುತ್ತದೆ, ಜಾತ್ರೆ ಮುಗಿದರೂ ಮೈಕು ಆರಿಸದ ಹಾಗೆ.

ಅದು ಇಳಿಯುವುದು ಅರ್ಧರ್ಧವಾಗಿ. ಸುಮಾರು ಎರಡು ದಿನಕ್ಕೊಮ್ಮೆ ಅರ್ಧವಾಗುತ್ತದೆ ಅಂದುಕೊಳ್ಳಿ. ಆರನೇ ವಾರದಲ್ಲಿ ಗರ್ಭ ಹೋದಾಗ ರಕ್ತಪರೀಕ್ಷೆಯಲ್ಲಿ ಎಚ್‌ಸಿಜಿ ಪ್ರಮಾಣ 2,000 ಇದ್ದರೆ 1,000, 500, 250 ಎಂದು ಇಳಿಯುತ್ತಾ ಒಂಬತ್ತು ಸಲ ಅರ್ಧವಾಗಿ 5ಕ್ಕಿಂತ ಕೆಳಗೆ, ಅಂದರೆ ಗರ್ಭವಿಲ್ಲದವರ ಮಟ್ಟಕ್ಕೆ ಬರಲು 18 ದಿನ. ಹತ್ತನೇ ವಾರದಲ್ಲಿ 64,000 ಇದ್ದರೆ ಹದಿನಾಲ್ಕು ಸಲ ಅರ್ಧವಾಗಬೇಕು, ಅಂದರೆ 28 ದಿನ. ಕೊನೆಯ ಹನಿಗಳು ಇನ್ನೂ ನಿಧಾನ. ಆದ್ದರಿಂದಲೇ ಬೇಗ ಗರ್ಭ ಹೋದವರಿಗೆ ಮುಟ್ಟೂ ಬೇಗ, ತಡವಾಗಿ ಹೋದವರಿಗೆ ತಡ. ಎಳ್ಳು ಈ ಲೆಕ್ಕವನ್ನು ಮುಟ್ಟಲಾರದು. ಎಚ್‌ಸಿಜಿ ಪೂರ್ತಿ ಸೊನ್ನೆಯಾಗುವ ಮೊದಲೇ ಹೊಸ ಅಂಡ ಬೆಳೆಯತೊಡಗಬಹುದು. ಎರಡು ವಾರದಲ್ಲೇ ಅಂಡ ಬಿಡುಗಡೆಯಾದ ಉದಾಹರಣೆಗಳಿವೆ. ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲುವುದು ಹೀಗೆ.

ಮೊದಲ ಮುಟ್ಟು ಜಾಸ್ತಿ ಹೋಗುವುದುಂಟು. ಆ ತಿಂಗಳು ಅಂಡ ಬಿಡುಗಡೆಯಾಗದಿದ್ದರೆ ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಇರುವುದಿಲ್ಲ. ಈಸ್ಟ್ರೋಜನ್ ಹಾರ್ಮೋನೊಂದೇ ಆ ಪದರವನ್ನು ದಪ್ಪಗೆ ಬೆಳೆಸುತ್ತದೆ, ಅದು ಒಂದೊಂದು ಕಡೆ ಒಂದೊಂದು ಹೊತ್ತಿಗೆ ಕಳಚುತ್ತದೆ. 1940ರಲ್ಲಿ ಮಾರ್ಕೀ ಎಂಬ ವಿಜ್ಞಾನಿ ಮಂಗದ ಕಣ್ಣಿನೊಳಗೆ ಈ ಪದರದ ತುಣುಕನ್ನು ನೆಟ್ಟು, ಪಾರದರ್ಶಕ ಕಣ್ಣಿನ ಮೂಲಕ ಮುಟ್ಟಾಗುವುದನ್ನೇ ನೋಡಿದ. ಸುರುಳಿ ರಕ್ತನಾಳಗಳು ಮೊದಲು ಬಿಗಿದುಕೊಂಡು, ಬಳಿಕ ರಕ್ತ ಬಿಡುತ್ತಿದ್ದವು. ಆ ರಕ್ತ ಹೆಪ್ಪುಗಟ್ಟದಂತೆ ಕರಗಿಸುವ ಕಿಣ್ವ ಗರ್ಭಕೋಶದಲ್ಲಿದೆ. ಹರಿವು ಜೋರಾದಾಗ ಅದಕ್ಕೆ ಪುರುಸೊತ್ತು ಸಿಗದೆ ಗಡ್ಡೆಗಳು ಬೀಳುತ್ತವೆ. ಕೆಟ್ಟ ರಕ್ತದ ಗುರುತು ಎಂದು ಹೆದರಿಸುವುದು ಇವನ್ನೇ. ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ಹದಕ್ಕೆ ಬರುತ್ತದೆ. ಸುಸ್ತಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಲಿಂಬೆ ಪಾನಕದ ಜೊತೆ ಒಳ್ಳೆಯದು.

ಗರ್ಭಪಾತದ ರಕ್ತಸ್ರಾವವೇ ಬೇರೆ, ಮುಟ್ಟೇ ಬೇರೆ. ಮೊದಲನೆಯದು ಒಂದೆರಡು ವಾರದಲ್ಲಿ ಕಡಿಮೆಯಾಗುತ್ತಾ ಕಂದು ಬಣ್ಣಕ್ಕೆ ತಿರುಗಿ ನಿಲ್ಲಬೇಕು. ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದು ಹೀಗೇ ಎರಡು ಗಂಟೆ ನಡೆದರೆ, 38 ಡಿಗ್ರಿ ಜ್ವರವಿದ್ದರೆ, ದುರ್ವಾಸನೆ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಒಳಗೆ ತುಣುಕು ಉಳಿದಿರಬಹುದು. ಮೂರು ವಾರಕ್ಕೆ ಮನೆಯಲ್ಲೇ ಗರ್ಭಪರೀಕ್ಷೆ ಮಾಡಿ, ಇನ್ನೂ ಎರಡು ಗೆರೆ ಬಂದರೆ ವೈದ್ಯರಿಗೆ ತೋರಿಸಿ.

ಡಿ ಅಂಡ್ ಸಿ (ಗರ್ಭಕೋಶದ ಬಾಯಿ ಅಗಲಿಸಿ ಒಳಗೆ ಕೆರೆದು ತೆಗೆಯುವುದು) ಮಾಡಿಸಿಕೊಂಡವರು ಇನ್ನೊಂದನ್ನು ಗಮನಿಸಬೇಕು. ಒಳಪದರ ಗರಿಕೆ ಹುಲ್ಲಿನಂತೆ: ಮೇಲಿನದನ್ನು ಕೊಯ್ದರೆ ಬುಡದಿಂದ ಚಿಗುರುತ್ತದೆ. ಕೆರೆಯುವಾಗ ಬುಡದ ಪದರಕ್ಕೇ ಪೆಟ್ಟಾದರೆ ಎರಡು ಗೋಡೆಗಳು ಅಂಟಿಕೊಳ್ಳಬಹುದು. ಅಪರೂಪದ ಈ ತೊಂದರೆಯನ್ನು 1948ರಲ್ಲಿ ವಿವರಿಸಿದ ವೈದ್ಯ ಆಶರ್ಮನ್ ಹೆಸರಿನಲ್ಲೇ ಕರೆಯುತ್ತಾರೆ. ಎಂಟು ವಾರ ದಾಟಿದರೂ ಮುಟ್ಟಿಲ್ಲ, ಗರ್ಭಪರೀಕ್ಷೆಯಲ್ಲಿ ಒಂದೇ ಗೆರೆ, ತಿಂಗಳಿಗೊಮ್ಮೆ ಹೊಟ್ಟೆ ಹಿಂಡುತ್ತದೆ, ರಕ್ತ ಮಾತ್ರ ಬರುವುದಿಲ್ಲ ಎಂದಾದರೆ ಸ್ತ್ರೀರೋಗ ತಜ್ಞರು ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡುತ್ತಾರೆ, ಅಂಟಿದ್ದರೆ ಅದೇ ಹೊತ್ತಿನಲ್ಲಿ ಬಿಡಿಸಲೂಬಹುದು.