ಸ್ಪ್ರಿಂಗ್‌ಸ್ಟೀನ್ ಆತ್ಮಕಥೆ: ಇಸವಿಗಳನ್ನು ಗುರುತು ಹಾಕಿಕೊಂಡು ಓದಿ

ಧಾರವಾಡದ ಸಪ್ತಾಪುರದ ನಮ್ಮ ಓದುಗುಂಪು ಈ ಸಲ ಎತ್ತಿಕೊಂಡಿರುವುದು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬರೆದ ‘ಬಾರ್ನ್ ಟು ರನ್’. ಅಮೆರಿಕದ ರಾಕ್ ಹಾಡುಗಾರನ ಆತ್ಮಕಥೆ. ಬಂದದ್ದು 2016ರಲ್ಲಿ, ಸುಮಾರು ಐನೂರು ಪುಟ. ಬೇರೆಯವರ ಕೈಲಿ ಬರೆಸಿದ್ದಲ್ಲ, ಏಳು ವರ್ಷ ಬಿಟ್ಟು ಬಿಟ್ಟು ಕೂತು ತಾನೇ ಬರೆದದ್ದು. ನಮ್ಮಲ್ಲಿ ರಾಕ್ ಅಂದರೆ ಬರೀ ಗದ್ದಲ ಅನ್ನೋರೇ ಜಾಸ್ತಿ. ಅಡ್ಡಿಯಿಲ್ಲ, ಒಂದು ಹಾಡೂ ಕೇಳದೆ ಈ ಪುಸ್ತಕ ಓದಬಹುದು. ಗಿಟಾರಿನ ಕಥೆಗಿಂತ ಮನೆಯ ಕಥೆಯೇ ಇಲ್ಲಿ ದೊಡ್ಡದು.

ಇಂಥ ಪುಸ್ತಕ ಕೈಗೆ ಬಂದರೆ ಸಾಕು, ನಮ್ಮ ತಲೆಯಲ್ಲಿ ಒಂದು ಕಥೆ ತಯಾರಾಗಿರುತ್ತದೆ. ಹೆಸರು ಬಂತು, ರೊಕ್ಕ ಬಂತು, ಆಮೇಲೆ ಮನುಷ್ಯ ಕೆಟ್ಟ. ಸಿನಿಮಾದವರ ಬಗ್ಗೆ ಕೇಳಿ ಕೇಳಿ ಬಂದ ಚಟ ಇದು. ಸ್ಪ್ರಿಂಗ್‌ಸ್ಟೀನನ ಪುಸ್ತಕವನ್ನು ಹಾಗೆ ಓದಿದರೆ ದಾರಿ ತಪ್ಪುತ್ತದೆ. ಕೈಯಲ್ಲಿ ಒಂದು ಪೆನ್ಸಿಲ್ ಇರಲಿ. ಇಸವಿ ಬಂದಲ್ಲೆಲ್ಲ ಅಂಚಿನಲ್ಲಿ ಬರೆದುಕೊಳ್ಳಿ. ಹೆಸರು ಬಂದದ್ದು ಯಾವಾಗ, ಮನಸ್ಸು ಕುಸಿದದ್ದು ಯಾವಾಗ ಅಂತ ಪಕ್ಕಪಕ್ಕ ಇಟ್ಟು ನೋಡಿ. ಕಾಯಿಲೆ ಬಂದದ್ದು ವೇದಿಕೆಯಿಂದಲೋ ಮನೆಯಿಂದಲೋ ಅನ್ನೋದು ಆಗ ಕಾಣುತ್ತದೆ.

ಫ್ರೀಹೋಲ್ಡಿನ ಮನೆ

ಬ್ರೂಸ್ ಹುಟ್ಟಿದ್ದು 1949ರಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಫ್ರೀಹೋಲ್ಡ್ ಎಂಬ ಸಣ್ಣ ಊರಿನಲ್ಲಿ. ಮೊದಲ ವರ್ಷಗಳು ಅಜ್ಜ ಅಜ್ಜಿಯ ಮನೆಯಲ್ಲಿ. ಆ ಮನೆಯಲ್ಲಿ ಹಳೆಯದೊಂದು ಸಾವಿದೆ. ಅಪ್ಪನ ಅಕ್ಕ ವರ್ಜೀನಿಯಾ ಐದು ವರ್ಷದವಳಿದ್ದಾಗ ಮೂರು ಗಾಲಿಯ ಸೈಕಲ್ ಹೊಡೆಯುತ್ತ ಟ್ರಕ್ಕಿನಡಿ ಸಿಕ್ಕು ತೀರಿಕೊಂಡಳು. ಅಜ್ಜಿ ಆ ದುಃಖದಿಂದ ಕೊನೆತನಕ ಹೊರಗೆ ಬರಲಿಲ್ಲ. ಮೊಮ್ಮಗ ಹುಟ್ಟಿದಾಗ ಕಳೆದುಹೋದ ಮಗಳ ಪ್ರೀತಿಯೆಲ್ಲ ಅವನ ಮೇಲೆ ಸುರಿಯಿತು. ಹುಡುಗ ನಡುರಾತ್ರಿ ಮೂರಕ್ಕೆ ಮಲಗಿ ಮಧ್ಯಾಹ್ನ ಮೂರಕ್ಕೆ ಏಳುತ್ತಿದ್ದ, ಕೇಳುವವರಿಲ್ಲ. ಅದೇ ಮನೆಯಲ್ಲಿ ಅಪ್ಪ ಡಗ್ಲಸ್‌ಗೆ ಮಗನಾಗಿಯೂ ಜಾಗವಿಲ್ಲ, ಅಪ್ಪನಾಗಿಯೂ ಜಾಗವಿಲ್ಲ. ಈ ಅಧ್ಯಾಯಗಳನ್ನು ಅವಸರದಲ್ಲಿ ದಾಟಬೇಡಿ. ಮುಂದೆ ಬರೋದೆಲ್ಲ ಇಲ್ಲೇ ಶುರುವಾಗಿದೆ.

ಡಗ್ಲಸ್ ಫೋರ್ಡ್ ಕಾರ್ಖಾನೆ, ಜಮಖಾನೆ ಮಿಲ್ಲು, ಬಸ್ಸು, ಜೈಲಿನ ಕಾವಲು ಎಲ್ಲ ಕಡೆ ಕೆಲಸ ಮಾಡಿದ. ಒಂದರಲ್ಲೂ ನೆಲೆ ನಿಲ್ಲಲಿಲ್ಲ. ಅಮ್ಮ ಅಡೆಲ್ ವಕೀಲರ ಆಫೀಸಿನಲ್ಲಿ ಸೆಕ್ರೆಟರಿ. ಒಂದು ದಿನ ತಪ್ಪಿಸದೆ, ಠಾಕುಠೀಕಾಗಿ ಬಟ್ಟೆ ಹಾಕಿಕೊಂಡು ಹೋಗಿ ಬರುವ ಹೆಣ್ಣುಮಗಳು. ಏಳರ ಹುಡುಗ ಟಿವಿಯಲ್ಲಿ ಎಲ್ವಿಸ್‌ನನ್ನು ನೋಡಿ ಹಟ ಹಿಡಿದಾಗ ಬಾಡಿಗೆಗೆ ಗಿಟಾರ್ ತಂದುಕೊಟ್ಟವಳು ಇವಳೇ. ಹುಡುಗನ ಬೆರಳು ತಂತಿಗೆ ಎಟಕಲಿಲ್ಲ, ಗಿಟಾರ್ ಅಂಗಡಿಗೆ ವಾಪಸ್ ಹೋಯಿತು. ಮತ್ತೆ ಕೈಗೆತ್ತಿಕೊಂಡದ್ದು 1964ರಲ್ಲಿ, ಬೀಟಲ್ಸ್ ಅಮೆರಿಕಕ್ಕೆ ಬಂದ ಮೇಲೆ.

ಇನ್ನು ಆ ಅಡುಗೆಮನೆ. ರಾತ್ರಿ ದೀಪ ಆರಿಸಿ ಅಪ್ಪ ಒಬ್ಬನೇ ಮೇಜಿಗೆ ಕೂತಿರುತ್ತಾನೆ. ಮುಂದೆ ಬಿಯರ್ ಕ್ಯಾನುಗಳು, ಬಾಯಲ್ಲಿ ಸಿಗರೇಟು. ಮಗ ಹೊರಗಿಂದ ಬಂದರೆ ಆ ಕತ್ತಲನ್ನು ದಾಟಿಯೇ ಒಳಗೆ ಹೋಗಬೇಕು. ಅಪ್ಪ ಕೂರಿಸಿಕೊಂಡು ಮಾತಿಗೆ ಶುರು ಮಾಡುತ್ತಾನೆ. ಮಾತು ಸ್ವಲ್ಪ ಹೊತ್ತಿಗೆ ಜಗಳಕ್ಕೆ ತಿರುಗುತ್ತದೆ. ಮಗನ ಕೂದಲು, ಮಗನ ಗಿಟಾರ್, ಮಗನ ಮೆತ್ತನೆ ಸ್ವಭಾವ, ಎಲ್ಲವೂ ಅವನಿಗೆ ಬೇಡ. ಬಹಳ ವರ್ಷಗಳ ಮೇಲೆ ಡಾಕ್ಟರು ಇದಕ್ಕೆ ಒಂದು ಹೆಸರು ಕೊಟ್ಟರು: ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಸಂಶಯ ಹುಟ್ಟಿಸುವ ಒಂದು ಮನೋರೋಗ. ಅಲ್ಲಿತನಕ ಅದು ಬರೀ ‘ಅಪ್ಪನ ಸಿಟ್ಟು’.

ನಮ್ಮ ಕಡೆ ಈ ಮಾತು ಹೊಸದೇನಲ್ಲ. ‘ಅವರ ಸ್ವಭಾವಾನ ಹಂಗ, ನೀ ಸುಮ್ನಿರು’ ಅಂತ ಅವ್ವಂದಿರು ಹೇಳಿದ್ದು ಕೇಳದವರು ಯಾರಿದ್ದೀರಿ? ಗದಗ, ಹಾವೇರಿ ಕಡೆ ಮಂದಿ ಯಾರನ್ನಾದರೂ ಚಾಷ್ಟಿ ಮಾಡಬೇಕಾದರೆ ‘ಇಂವನ್ನ ಧಾರವಾಡಕ್ಕ ಒಯ್ಯಬೇಕು’ ಅಂತಾರಲ್ಲ, ಇಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆ ಇದೆ ಅನ್ನೋ ಒಂದೇ ಕಾರಣಕ್ಕೆ. ಕೇಳಿ ನಗುತ್ತೇವೆ. ಆ ಆಸ್ಪತ್ರೆಗೆ ಹೋಗಲೇಬೇಕಾದ ಮನುಷ್ಯ ಈ ನಗೆಗೆ ಹೆದರಿ ಮನೆಯಲ್ಲೇ ದೀಪ ಆರಿಸಿ ಕೂತುಬಿಡುತ್ತಾನೆ. ಡಗ್ಲಸ್‌ಗೆ ಹೆಸರಿರಲಿಲ್ಲ, ರೊಕ್ಕ ಇರಲಿಲ್ಲ, ಅಭಿಮಾನಿಗಳಿರಲಿಲ್ಲ. ಕಾಯಿಲೆ ಮಾತ್ರ ಇತ್ತು. ಇದನ್ನು ಅಂಚಿನಲ್ಲಿ ದಪ್ಪಗೆ ಬರೆದಿಟ್ಟುಕೊಳ್ಳಿ.

1975, 1982, 1984

ಮೂರು ಇಸವಿ ಸಾಕು. 1975ರಲ್ಲಿ ‘ಬಾರ್ನ್ ಟು ರನ್’ ಆಲ್ಬಂ ಬಂತು. ಅದಕ್ಕೂ ಮೊದಲಿನ ಎರಡು ಆಲ್ಬಂ ಅಷ್ಟಾಗಿ ಓಡಿರಲಿಲ್ಲ. ಆ ಅಕ್ಟೋಬರಿನಲ್ಲಿ ಟೈಮ್ ಮತ್ತು ನ್ಯೂಸ್‌ವೀಕ್ ಎರಡರ ಮುಖಪುಟದಲ್ಲೂ ಒಂದೇ ವಾರ ಈತನ ಮುಖ. ಮುಂದಿನ ತಿಂಗಳು ಲಂಡನ್ನಿನಲ್ಲಿ ಕಾರ್ಯಕ್ರಮ. ಅಲ್ಲಿ ತನ್ನನ್ನೇ ಹೊಗಳಿ ಹಚ್ಚಿದ್ದ ಪೋಸ್ಟರುಗಳನ್ನು ತಾನೇ ಕಿತ್ತು ಹರಿದು ಹಾಕಿದ. ಹೆಸರಿನ ಹೆದರಿಕೆ ಇದ್ದದ್ದು ನಿಜ. ಆದರೆ ಆಗ ಅವನು ಕುಸಿಯಲಿಲ್ಲ. ಆಗಿನ ಮ್ಯಾನೇಜರ್ ಜೊತೆ ಕೋರ್ಟು ಕಚೇರಿ ನಡೆಯಿತು, ಆಗಲೂ ಕುಸಿಯಲಿಲ್ಲ. ಈ ಕೋರ್ಟಿನ ಪುಟಗಳನ್ನು ಬೇಗ ತಿರುವಿ ಹಾಕಿದರೂ ನಷ್ಟವಿಲ್ಲ.

1982ರ ಜನವರಿಗೆ ಬನ್ನಿ. ಕೋಲ್ಟ್ಸ್ ನೆಕ್ ಎಂಬಲ್ಲಿ ಬಾಡಿಗೆ ಮನೆ. ಮಲಗುವ ಕೋಣೆಯಲ್ಲಿ ನಾಲ್ಕು ಟ್ರ್ಯಾಕಿನ ಒಂದು ಸಣ್ಣ ಕ್ಯಾಸೆಟ್ ರೆಕಾರ್ಡರ್. ಬ್ಯಾಂಡಿಗೆ ಕಲಿಸಲು ಅಂತ ಒಬ್ಬನೇ ಕೂತು ಹಾಡಿಟ್ಟುಕೊಂಡ. ಅಪ್ಪನ ಮನೆ, ಹಳೆ ಕಾರು, ಕೊಲೆಗಾರರು, ಇವೇ ವಸ್ತು. ಸ್ಟುಡಿಯೋದಲ್ಲಿ ಬ್ಯಾಂಡ್ ಜೊತೆ ಎಷ್ಟು ನುಡಿಸಿದರೂ ಆ ಕ್ಯಾಸೆಟ್ಟಿನ ಗುಣ ಬರಲಿಲ್ಲ. ಕವರ್ ಕೂಡ ಇಲ್ಲದೆ ಜೀನ್ಸ್ ಜೇಬಿನಲ್ಲಿ ಓಡಾಡಿಸುತ್ತಿದ್ದ ಅದೇ ಕ್ಯಾಸೆಟ್ಟನ್ನು ಕೊನೆಗೆ ‘ನೆಬ್ರಾಸ್ಕಾ’ ಅಂತ ಹೊರತಂದರು. ಬಾಲ್ಯವನ್ನು ಹೀಗೆ ಕೆದಕಿದ್ದರ ಬೆನ್ನಿಗೇ ಕುಸಿತ ಬಂತು. ಗೆಳೆಯನ ಜೊತೆ ಕಾರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾನೆ. ಟೆಕ್ಸಾಸಿನ ಯಾವುದೋ ಸಣ್ಣ ಊರಿನಲ್ಲಿ ಜಾತ್ರೆ ನಡೆದಿದೆ. ವಾದ್ಯ ನುಡಿಯುತ್ತಿದೆ, ಗಂಡ ಹೆಂಡತಿ ಕುಣಿಯುತ್ತಿದ್ದಾರೆ, ಹುಡುಗರು ಓಡಾಡುತ್ತಿದ್ದಾರೆ. ಇವನು ಕಾರಿನಲ್ಲಿ ಕೂತು ನೋಡುತ್ತಾನೆ. ಇದ್ಯಾವುದೂ ತನಗಲ್ಲ, ತಾನು ಬರೀ ನೋಡುವವನು ಅನ್ನಿಸಿ ಒಳಗೆ ಏನೋ ಕಳಚಿ ಬೀಳುತ್ತದೆ. ಲಾಸ್ ಏಂಜಲೀಸ್ ಮುಟ್ಟಿದ ಮೇಲೆ ಹೊಸ ಮ್ಯಾನೇಜರ್ ಜಾನ್ ಲ್ಯಾಂಡೌಗೆ ಫೋನ್ ಮಾಡಿದ. ಲ್ಯಾಂಡೌ ಮನೋವೈದ್ಯರ ಹತ್ತಿರ ಕಳಿಸಿದ. ಆಗ ಬ್ರೂಸ್‌ಗೆ ಮೂವತ್ತೆರಡರ ಆಸುಪಾಸು.

ದೊಡ್ಡ ಹೆಸರು ತಂದ ‘ಬಾರ್ನ್ ಇನ್ ದ ಯುಎಸ್ಎ’ ಬಂದದ್ದು 1984ರಲ್ಲಿ. ಅಂದರೆ ಜಗತ್ತಿಗೆಲ್ಲ ಗೊತ್ತಾಗುವ ಮೊದಲೇ ಈತ ಡಾಕ್ಟರ ಮುಂದೆ ಕೂತಿದ್ದ. ‘ಹೆಸರಿಗೆ ತೆತ್ತ ಬೆಲೆ’ ಅಂತ ಪರೀಕ್ಷೆಯ ಉತ್ತರದಂತೆ ಬರೆದುಬಿಟ್ಟರೆ ಈ ಎರಡು ವರ್ಷದ ಲೆಕ್ಕವೇ ನಿಮ್ಮನ್ನು ಸುಳ್ಳು ಮಾಡುತ್ತದೆ.

ಮುಂದೊಮ್ಮೆ ವೇದಿಕೆಯ ಮೇಲೆ ಹೇಳಿದ ಒಂದು ಪ್ರಸಂಗ ಇಲ್ಲಿ ನೆನಪಿಡಬೇಕು. ರಾತ್ರಿ ಹೊತ್ತು ಕಾರು ತೆಗೆದುಕೊಂಡು ಫ್ರೀಹೋಲ್ಡಿನ ಹಳೆ ಮನೆಗಳ ಮುಂದೆ ಸುತ್ತುವ ಚಟ ಅವನಿಗಿತ್ತು. ಯಾಕೆ ಅಂತ ಡಾಕ್ಟರನ್ನು ಕೇಳಿದ. ಅಲ್ಲೇನೋ ಕೆಟ್ಟದ್ದು ನಡೆದಿದೆ, ಸರಿ ಮಾಡಬಹುದೇನೋ ಅಂತ ನೀನು ಮತ್ತೆ ಮತ್ತೆ ಹೋಗುತ್ತೀಯ ಅಂದರು ಡಾಕ್ಟರು. ಹೌದು ಅಂದ ಇವನು. ಅದು ಆಗಲ್ಲ ಅಂದರು ಅವರು.

ಬಿಚ್ಚುಮನಸ್ಸು ಅಂದರೆ ಎಷ್ಟು?

ಪುಸ್ತಕದ ಮೊದಲ ಪುಟದಲ್ಲೇ ಈತ ನಾನೂ ಸ್ವಲ್ಪ ಮೋಸಗಾರ ಅಂತ ಒಪ್ಪಿಕೊಳ್ಳುತ್ತಾನೆ. 2017ರಲ್ಲಿ ಶುರುವಾದ ಬ್ರಾಡ್‌ವೇ ಕಾರ್ಯಕ್ರಮದಲ್ಲಿ ಇನ್ನೂ ಮುಂದೆ ಹೋದ: ಫ್ಯಾಕ್ಟರಿಯ ಒಳಗೆ ಕಾಲಿಟ್ಟವನಲ್ಲ ನಾನು, ಆದರೂ ಬರೆದದ್ದೆಲ್ಲ ಫ್ಯಾಕ್ಟರಿಯವರ ಬಗ್ಗೆಯೇ ಅಂತ ಹೇಳಿ ಜನರನ್ನು ನಗಿಸಿದ. ಹಾಗಾದರೆ ಹಾಡಿನಲ್ಲಿರುವ ಆ ಕೆಲಸಗಾರ ಯಾರು? ಅಪ್ಪ. ಅಪ್ಪನ ದನಿ ಸಿಗದ ಮಗ ಅಪ್ಪನ ಅಂಗಿ ಹಾಕಿಕೊಂಡು ಹಾಡಿದ. ನನಗೆ ಇಡೀ ಪುಸ್ತಕದ ಬೀಗದ ಕೈ ಇದೇ ಅನ್ನಿಸುತ್ತದೆ.

ಎಲ್ಲವನ್ನೂ ಹೇಳಿದ್ದಾನೆ ಅಂತ ಮಾತ್ರ ನಂಬಬೇಡಿ. ಮೊದಲ ಹೆಂಡತಿ, ನಟಿ ಜೂಲಿಯಾನ್ ಫಿಲಿಪ್ಸ್ ಕಥೆ ಚಿಕ್ಕದು. ಬೇರೆಯಾಗುವಾಗ ತಾನು ನಡೆದುಕೊಂಡ ರೀತಿ ತೀರಾ ಕೆಟ್ಟದಾಗಿತ್ತು ಅಂತ ತಪ್ಪು ಒಪ್ಪಿಕೊಂಡು, ಅವಳ ಬಗ್ಗೆ ಒಂದು ಕೆಟ್ಟ ಮಾತೂ ಆಡದೆ ಮುಂದೆ ಹೋಗುತ್ತಾನೆ. ಕೆಲವರಿಗೆ ಇದು ಜಾರಿಕೊಂಡಂತೆ ಕಾಣಬಹುದು. ನನಗೆ ಹಾಗನ್ನಿಸಲಿಲ್ಲ. ತನ್ನ ಗುಟ್ಟು ಬಿಚ್ಚುವ ಹಕ್ಕು ಅವನಿಗಿದೆ, ಅವಳದ್ದು ಬಿಚ್ಚುವ ಹಕ್ಕು ಎಲ್ಲಿದೆ?

ಹೋಲಿಸಿ ನೋಡಲು ನಮ್ಮೂರಿನದೇ ಒಂದು ಆತ್ಮಕಥೆ ಇದೆ: ಗಂಗೂಬಾಯಿ ಹಾನಗಲ್ ಅವರ ‘ನನ್ನ ಬದುಕಿನ ಹಾಡು’. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದು ಅಂತ ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ಬಿಟ್ಟರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ ಹುಡುಗಿ ಗಂಗೂಬಾಯಿ. ಅವತ್ತು ಹುಡುಗಿಗಿದ್ದ ಚಿಂತೆ ಹಾಡಿನದಲ್ಲ, ಊಟದ ಮೇಲೆ ಎಂಜಲೆಲೆ ತೆಗೆಯಲು ಹೇಳುತ್ತಾರೇನೋ ಅನ್ನೋದು. ಗಂಗೂಬಾಯಿಯವರು ತಮ್ಮ ನೋವನ್ನು ಬಿಡಿಸಿ ವಿವರಿಸುವವರಲ್ಲ, ನಡೆದದ್ದನ್ನು ಹೇಳಿ ಸುಮ್ಮನಾಗುತ್ತಾರೆ. ಸ್ಪ್ರಿಂಗ್‌ಸ್ಟೀನ್ ಒಂದೇ ನೋವನ್ನು ನಾಲ್ಕು ಕಡೆಯಿಂದ ತಿರುಗಿಸಿ ತೋರಿಸುತ್ತಾನೆ, ಕೆಲವು ಕಡೆ ಅತಿಯಾಯಿತು ಅನ್ನಿಸುವಷ್ಟು. ಮನೋವೈದ್ಯರ ಎದುರು ವರ್ಷಗಟ್ಟಲೆ ಮಾತಾಡಿದವನ ಭಾಷೆ ಅದು.

ಮೂರನೇ ಭಾಗಕ್ಕೆ ಬಂದಾಗ

ಎರಡು ಕಡೆ ನಿಧಾನ ಮಾಡಿ. ಒಂದು, 1990. ಬ್ರೂಸ್ ತಾನೇ ಅಪ್ಪನಾಗಲು ಕೆಲವೇ ದಿನ ಇದೆ. ಡಗ್ಲಸ್ ಹೇಳದೆ ಕೇಳದೆ ಐನೂರು ಮೈಲಿ ಕಾರು ಓಡಿಸಿಕೊಂಡು ಲಾಸ್ ಏಂಜಲೀಸಿಗೆ ಬರುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೇ ಇಬ್ಬರೂ ಬಿಯರ್ ಹಿಡಿದು ಕೂರುತ್ತಾರೆ. ನೀನು ನಮಗೆ ಒಳ್ಳೆಯದೇ ಮಾಡಿದೆ, ನಾನು ನಿನಗೆ ಒಳ್ಳೆಯವನಾಗಿರಲಿಲ್ಲ ಅಂತ ಅಪ್ಪ ಹೇಳುತ್ತಾನೆ. ನಿನ್ನ ಕೈಲಾದಷ್ಟು ಮಾಡಿದೆ ಅಂತ ಮಗ ಉತ್ತರಿಸುತ್ತಾನೆ. ಅಷ್ಟೇ ಮಾತು. ಅಡುಗೆಮನೆಯ ಕತ್ತಲಿಗೆ ಇದು ಪೂರ್ತಿ ಉತ್ತರವಾಗುತ್ತದಾ ಅನ್ನೋದು ಭಾನುವಾರದ ಚರ್ಚೆಗೆ ಒಳ್ಳೆ ಪ್ರಶ್ನೆ. ನಾನು ಆಗಲ್ಲ ಅನ್ನುವ ಪಕ್ಷ. ಯಾಕಂದ್ರೆ ಅರವತ್ತು ದಾಟಿದ ಮೇಲೆ ಖಿನ್ನತೆ ಮತ್ತೆ ಬಂತು. ಅರವತ್ತರಿಂದ ಅರವತ್ತೆರಡು, ಒಂದು ವರ್ಷ ಬಿಡುವು, ಮತ್ತೆ ಅರವತ್ತಮೂರರಿಂದ ಅರವತ್ನಾಲ್ಕು ಅಂತ ಅವನೇ ಲೆಕ್ಕ ಕೊಡುತ್ತಾನೆ. ಅಪ್ಪ ಕ್ಷಮೆ ಕೇಳಿ ಆಗಿತ್ತು, 1998ರಲ್ಲಿ ತೀರಿಕೊಂಡೂ ಆಗಿತ್ತು.

ಇನ್ನೊಂದು, ಹೆಂಡತಿ ಪ್ಯಾಟಿ ಶಿಯಾಲ್ಫಾ ಬರುವ ಕಡೆಗಳೆಲ್ಲ. ಅವಳೂ ಅದೇ ಬ್ಯಾಂಡಿನ ಹಾಡುಗಾರ್ತಿ. ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವವಳು ಅವಳು. ಮಧ್ಯಾಹ್ನದ ತನಕ ಮಲಗುತ್ತಿದ್ದವನಿಗೆ, ಬೆಳಿಗ್ಗೆ ಹೊತ್ತಿನಲ್ಲೇ ಮಕ್ಕಳು ಚೆಂದ, ನೀನು ಅದನ್ನು ಕಳೆದುಕೊಳ್ಳುತ್ತಿದ್ದೀಯ ಅಂತ ಹೇಳುವವಳೂ ಅವಳೇ. ಆಮೇಲೆ ಅವನು ಬೇಗ ಎದ್ದು ಮಕ್ಕಳಿಗೆ ಪ್ಯಾನ್‌ಕೇಕ್ ಹಾಕೋದು ಕಲಿತ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಫ್ರೀಹೋಲ್ಡಿನ ಅಧ್ಯಾಯಗಳು, ‘ನೆಬ್ರಾಸ್ಕಾ’ದ ಸುತ್ತಲಿನವು, ಆಮೇಲೆ ಈ ಮೂರನೇ ಭಾಗ ಓದಿಕೊಂಡು ಬನ್ನಿ. ಟೂರಿನ ಪುಟಗಳನ್ನು ರಜೆಯಲ್ಲಿ ನೋಡಿಕೊಂಡರಾಯಿತು.