ಕ್ಲೇಮು ತಿರಸ್ಕರಿಸಿದ ಪತ್ರವನ್ನು ಹರಿದು ಹಾಕಬೇಡಿ

ದಾವಣಗೆರೆ ಎಪಿಎಂಸಿ ಆಸುಪಾಸಿನ ಗೋದಾಮಿನಲ್ಲಿ ಮೆಕ್ಕೆಜೋಳ ಸುಟ್ಟರೂ, ಚಿತ್ರದುರ್ಗದ ಹೆದ್ದಾರಿ ಬದಿ ನಿಲ್ಲಿಸಿದ ಲಾರಿ ಕಳುವಾದರೂ ವಿಮಾ ಕಂಪನಿಯ ಉತ್ತರದ ಧಾಟಿ ಒಂದೇ: ‘ಪಾಲಿಸಿ ಷರತ್ತು ಉಲ್ಲಂಘನೆಯಾಗಿದೆ, ಕ್ಲೇಮು ಕೊಡಲಾಗದು.’ ಲಕೋಟೆ ಸಮೇತ ಇಟ್ಟುಕೊಳ್ಳಬೇಕಾದ ಕಾಗದವಿದು. ಅದರಲ್ಲಿ ಕೊಟ್ಟ ಕಾರಣಕ್ಕೆ ಕಂಪನಿ ಕೊನೆತನಕ ಬದ್ಧವಾಗಿರಬೇಕು, ಗ್ರಾಹಕ ಆಯೋಗದ ಮುಂದೆ ಹೊಸ ಕಾರಣ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ.

ಪತ್ರದಲ್ಲಿ ಷರತ್ತಿನ ನಂಬರ್ ಇದೆಯೇ ನೋಡಿ. ಇಲ್ಲದಿದ್ದರೆ ಫೋನಿನಲ್ಲಿ ವಾದಕ್ಕಿಳಿಯದೆ ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕೇಳಿ: ಯಾವ ಷರತ್ತು, ಸರ್ವೇಯರ್ (ನಷ್ಟ ಅಂದಾಜು ಮಾಡುವವರು) ವರದಿಯ ಪ್ರತಿ, ನೀವು ಸಹಿ ಮಾಡಿದ ಪ್ರಸ್ತಾವನಾ ಫಾರಂ, ಪಾಲಿಸಿಯ ಪೂರ್ತಿ ಷರತ್ತುಗಳು. ನಮ್ಮ ವ್ಯಾಪಾರಸ್ಥರ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಎರಡು ಪುಟದ ಷೆಡ್ಯೂಲ್ (ಪಾಲಿಸಿಯ ಸಾರಾಂಶ ಪಟ್ಟಿ) ಮಾತ್ರ. ‘ಇದಕ್ಕೆ ವಿಮೆ ಇಲ್ಲ’ ಎನ್ನುವ ಷರತ್ತನ್ನು ಗ್ರಾಹಕನಿಗೆ ತಿಳಿಸಿಯೇ ಇರದಿದ್ದರೆ ಕಂಪನಿ ಅದರ ಆಸರೆ ಪಡೆಯಲಾಗದು. ಮಾಡರ್ನ್ ಇನ್ಸುಲೇಟರ್ಸ್ ತೀರ್ಪು (2000) ಇದನ್ನೇ ಹೇಳುತ್ತದೆ. ಷರತ್ತಿನ ಮಾತಿಗೆ ನಿಜಕ್ಕೂ ಎರಡು ಅರ್ಥ ಬರುವಂತಿದ್ದರೆ ಗ್ರಾಹಕನಿಗೆ ಅನುಕೂಲವಾದ ಅರ್ಥವೇ ನಿಲ್ಲುತ್ತದೆ, ಏಕೆಂದರೆ ಬರೆದದ್ದು ಕಂಪನಿ. ಮಾತು ಸ್ಪಷ್ಟವಾಗಿದ್ದರೆ ಮಾತ್ರ ಈ ವಾದ ಓಡುವುದಿಲ್ಲ, ವಕೀಲರು ಎಷ್ಟೇ ಜೋರಾಗಿ ಹೇಳಲಿ.

ಲಾರಿ ಕಳವಿನಲ್ಲಿ ಪದೇ ಪದೇ ಕಾಣುವ ಕಾರಣ ‘ತಡವಾಗಿ ತಿಳಿಸಿದ್ದೀರಿ’. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ನೆಪಕ್ಕೆ ನಿಜವಾದ ಕ್ಲೇಮು ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಗುರ್ಷಿಂದರ್ ಸಿಂಗ್ ಪ್ರಕರಣದಲ್ಲಿ ಇತ್ಯರ್ಥ ಮಾಡಿದೆ. ಠಾಣೆಗೇ ತಡವಾಗಿ ಹೋದವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದಂಥ ಉಲ್ಲಂಘನೆಯಿದ್ದರೂ ಪೂರ್ತಿ ಸೊನ್ನೆ ಮಾಡದೆ ಶೇ 75ರವರೆಗೆ ಕೊಡಿಸಿದ ತೀರ್ಪು ಅಮಲೇಂದು ಸಾಹೂ (2010).

ಬೆಂಕಿ ಪ್ರಕರಣದಲ್ಲಿ ಸರ್ವೇಯರ್ ‘ಇದು ಶಾರ್ಟ್ ಸರ್ಕೀಟ್ ಅಲ್ಲ’ ಎಂದು ಬರೆದರೆ ಗಾಬರಿ ಬೇಡ. ಬ್ಯಾಡಗಿ ಮೆಣಸಿನಕಾಯಿ ಇಟ್ಟಿದ್ದ ಶೀತಲಗೃಹ ಸುಟ್ಟ ಪ್ರಕರಣದಲ್ಲಿ (ಕೆನರಾ ಬ್ಯಾಂಕ್, 2020) ರೈತರಿಗೆ ಪರಿಹಾರ ಸಿಕ್ಕಿತು. ವಿಮೆ ಮಾಡಿಸಿದವನೇ ಹಚ್ಚಿಲ್ಲದಿದ್ದರೆ ಬೆಂಕಿಯ ನಿಖರ ಕಾರಣ ಮುಖ್ಯವಾಗುವುದಿಲ್ಲ.

ಕಂಪನಿ ಕೈ ಮೇಲಾಗುವ ಜಾಗ ಬೇರೆ ಇದೆ, ಅದು ಲೆಕ್ಕ. ಬೆಂಕಿಯ ದಿನ ಗೋದಾಮಿನಲ್ಲಿ 60 ಲಕ್ಷದ ಮಾಲು, ಪಾಲಿಸಿ 45 ಲಕ್ಷಕ್ಕೆ, ನಷ್ಟ 20 ಲಕ್ಷ ಎಂದಿಟ್ಟುಕೊಳ್ಳಿ. ಮಾಲಿನ ಮುಕ್ಕಾಲು ಪಾಲಿಗಷ್ಟೇ ವಿಮೆ ಇರುವುದರಿಂದ ಕೈಗೆ ಬರುವುದು ಇಪ್ಪತ್ತರ ಮುಕ್ಕಾಲು ಪಾಲು, 15 ಲಕ್ಷ. ಸಣ್ಣ ಉದ್ದಿಮೆಗಳ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ, ಇಲ್ಲಿನ ಕೊರತೆ ಶೇ 25. ಸುಗ್ಗಿಯಲ್ಲಿ ಮಾಲು ತುಂಬಿದಾಗ ವಿಮಾ ಮೊತ್ತ ಏರಿಸದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಸ್ಟಾಕ್ ರಿಜಿಸ್ಟರ್, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಲೆಕ್ಕ ಒಂದಕ್ಕೊಂದು ಹೊಂದದಿದ್ದರಂತೂ ಯಾವ ತೀರ್ಪೂ ಕೈ ಹಿಡಿಯದು.

ಕೊಟ್ಟಷ್ಟಕ್ಕೇ ಲೆಕ್ಕ ಚುಕ್ತಾ ಎನ್ನುವ ‘ಫುಲ್ ಅಂಡ್ ಫೈನಲ್’ ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಬಾಕಿ ಕೇಳುವ ಹಕ್ಕು ಹೋಗುವುದಿಲ್ಲ (ಅಜ್ಮೀರ್ ಸಿಂಗ್ ಕಾಟನ್ ಮಿಲ್ಸ್, 1999), ಆದರೆ ಒತ್ತಾಯದಿಂದ ಹಾಕಿದ್ದೆಂದು ತೋರಿಸುವ ಹೊಣೆ ನಿಮ್ಮದು. ಹಣ ಬಂದ ಕೂಡಲೇ ಆಕ್ಷೇಪಣೆಯ ಇಮೇಲ್ ಕಳಿಸಿ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ತಿಂಗಳಾದರೂ ಉತ್ತರವಿಲ್ಲ ಅಥವಾ ಉತ್ತರ ಸಮಾಧಾನ ತರಲಿಲ್ಲ ಎಂದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ಇತ್ಯರ್ಥ ಮಾಡುವ ಅಧಿಕಾರಿ): ಮಿತಿ 50 ಲಕ್ಷ, ಶುಲ್ಕವಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ವ್ಯಕ್ತಿಗಳು, ಒಬ್ಬರದೇ ಮಾಲೀಕತ್ವದ ಅಂಗಡಿಗಳು, ಸೂಕ್ಷ್ಮ ಉದ್ದಿಮೆಗಳಿಗೆ ಇದು ಸಾಕು. ದೊಡ್ಡ ಫರ್ಮಿನವರಿಗೆ ಜಿಲ್ಲಾ ಗ್ರಾಹಕ ಆಯೋಗವೇ ದಾರಿ. ಅಲ್ಲಿನ 50 ಲಕ್ಷದ ಮಿತಿ ಕ್ಲೇಮಿಗಲ್ಲ, ಕಟ್ಟಿದ ಪ್ರೀಮಿಯಂಗೆ. ಹಾಗಾಗಿ ಕೋಟಿ ರೂಪಾಯಿಯ ಗೋದಾಮಿನ ದೂರನ್ನೂ ದಾವಣಗೆರೆಯಲ್ಲೇ ಹಾಕಬಹುದು. ಗಡುವು ಎರಡು ವರ್ಷ. ಕಂಪನಿಗೆ ಮತ್ತೆ ಮತ್ತೆ ಪತ್ರ ಬರೆದರೆ ಅದು ಹಿಗ್ಗುವುದಿಲ್ಲ.